ಮಲ್ಲವ್ವನ ಬೆರಳು ಮತ್ತು ಅಸಲಿ ಮ್ಯಾಂಚೆಸ್ಟರ್

ಇಚಲಕರಂಜಿ

ನಮ್ಮೂರಿಗೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಬಿರುದಿದೆ. ಕೊಟ್ಟವರು ಯಾರೋ ಗೊತ್ತಿಲ್ಲ. ಇಚಲಕರಂಜಿಯ ಚಹಾದಂಗಡಿಯಲ್ಲಿ ಕೂತವರು ಮಾತ್ರ ಅದನ್ನು ತಾವೇ ಕುಸ್ತಿ ಹಿಡಿದು ಗೆದ್ದು ತಂದವರ ಹಾಗೆ ಹೇಳುತ್ತಾರೆ. ಹಾಗಾಗಿ ನಾನು ಅಸಲಿ ಮ್ಯಾಂಚೆಸ್ಟರಿಗೆ ಹೊರಟಿದ್ದೇನೆ ಎಂದಾಗ ಓಣಿಯವರಿಗೆ ದೊಡ್ಡ ಬೆರಗೇನೂ ಆಗಲಿಲ್ಲ. ಅಲ್ಲಿ ಮಗ್ಗಗಳಿಗೆ ಕರೆಂಟು ಸರಿಯಾಗಿ ಬರುತ್ತದೆಯೋ ನೋಡಿಕೊಂಡು ಬಾ ಎಂದು ಎದುರು ಮನೆಯ ಅಜ್ಜ ಹೇಳಿ ಕಳಿಸಿದ.

ನಾನು ಎಲುಬಿನ ಡಾಕ್ಟರು. ಇದನ್ನು ಹೇಳಿದಾಗಲೆಲ್ಲ ಜನ ಮೊದಲು ನನ್ನ ತೋಳು ನೋಡುತ್ತಾರೆ. ಎಂಬಿಬಿಎಸ್ ಮುಗಿದಾಗ ಹೆರಿಗೆ ತಗೋ, ಕಣ್ಣು ತಗೋ, ಚರ್ಮ ತಗೋ ಎಂದು ಬುದ್ಧಿ ಹೇಳದವರಿಲ್ಲ. ಎಲುಬು ಎಳೆಯಲು ಗಂಡಸಿನ ರಟ್ಟೆ ಬೇಕಂತೆ. ಹಗಲೆಲ್ಲ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ ನನ್ನ ಅವ್ವನ ರಟ್ಟೆಯನ್ನು ಅವರು ನೋಡಿರಲಿಲ್ಲ. ಗಡಹಿಂಗ್ಲಜದ ಶಿಬಿರವೊಂದರಲ್ಲಿ ಒಬ್ಬ ರೈತ ಸೊಂಟ ಹಿಡಿದುಕೊಂಡು ಬಂದು ನನ್ನೆದುರೇ ಕೂತು, ಡಾಕ್ಟರು ಯಾವಾಗ ಬರುತ್ತಾರೆ ಎಂದು ಕೇಳಿದ್ದ. ಬಂದು ಕೂತಾಗಿದೆ, ನೀನು ಕಾಲು ಚಾಚು ಎಂದೆ. ಚಾಚಿದ.

ಈಗ ಕೊಲ್ಹಾಪುರದ ಒಂದು ಬೋಧನಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಬರೀ ಸರ್ ಎನ್ನುತ್ತೇವೆ. ಮೊಣಕಾಲು ಬದಲಿಸುವುದಕ್ಕೇ ಒಂದು ಪ್ರತ್ಯೇಕ ಘಟಕ ತೆರೆಯಬೇಕೆಂಬುದು ಸರ್ ಅವರ ಕನಸು. ಅದನ್ನು ಕಲಿಯಲೆಂದೇ ನನ್ನನ್ನು ಮ್ಯಾಂಚೆಸ್ಟರಿನ ದೊಡ್ಡ ಬೋಧನಾ ಆಸ್ಪತ್ರೆಗೆ ಕಳಿಸುತ್ತಿದ್ದರು. ಕಲಿತು ಬಂದರೆ ಘಟಕ ನನ್ನ ಕೈಗೆ ಎಂಬ ಮಾತೂ ಆಗಿತ್ತು.

ಹೊರಡುವ ಮುನ್ನ ಮಲ್ಲವ್ವನ ಮನೆಗೆ ಹೋದೆ. ಮಲ್ಲವ್ವ ನಮ್ಮ ಓಣಿಯ ಹಿಂದಿನ ಗಲ್ಲಿಯವಳು. ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುವ ಯಂತ್ರದ ಮೇಲೆ ಅವಳ ಕೆಲಸ. ಆ ಯಂತ್ರದ ಪಟ್ಟಿಗೆ ಸಿಕ್ಕಿ ಬಲಗೈ ತೋರುಬೆರಳಿನ ನಡುವಿನ ಗಂಟು ಪುಡಿಯಾಗಿತ್ತು. ಗಾಯ ಮಾಯ್ದಿತ್ತು, ತುದಿಯಲ್ಲಿ ಸ್ಪರ್ಶವಿತ್ತು. ಆದರೆ ಬೆರಳು ನಿಲ್ಲದೆ ಅತ್ತಿತ್ತ ಜೋಲುತ್ತಿತ್ತು, ಮುಟ್ಟಿದರೆ ನೋವು. ಸರ್ ಅದನ್ನು ನೋಡಿ, ಬುಡದಿಂದ ತೆಗೆದುಬಿಡು, ಬೇಗ ಕೆಲಸಕ್ಕೆ ಹೋಗುತ್ತಾಳೆ ಎಂದಿದ್ದರು. ತಗೀಬ್ಯಾಡ್ರಿ ಎಂದು ಮಲ್ಲವ್ವ ಬಡಕೊಂಡದ್ದಕ್ಕೆ ಯಾರೂ ಕಿವಿಗೊಡಲಿಲ್ಲ. ಇನ್ನೊಂದು ದಾರಿ ಇತ್ತು. ಆ ಗಂಟನ್ನು ಒಂದು ಬಾಗಿನಲ್ಲಿ ಶಾಶ್ವತವಾಗಿ ಬೆಸೆದು ಬೆರಳು ಉಳಿಸುವುದು. ಅದಕ್ಕೆ ಸಮಯ ಹೆಚ್ಚು, ತಲೆನೋವೂ ಹೆಚ್ಚು. ಕೂಲಿ ಹೆಂಗಸಿಗೆ ಅಷ್ಟೆಲ್ಲ ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತ್ತು.

ಮಲ್ಲವ್ವ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು.

"ನಾ ಬರೂತನಕ ಯಾರಿಗೂ ಮುಟ್ಟಾಕ ಕೊಡಬ್ಯಾಡ," ಎಂದೆ.

"ನೀವ್ ಬಂದಮ್ಯಾಲರೆ ಕೊಡ್ತೇನಿ ಅಂತ ಯಾರ್ ಹೇಳ್ಯಾರ್ರೀ?" ಎಂದಳು ಅವಳು.

ಅಸಲಿ ಮ್ಯಾಂಚೆಸ್ಟರ್, ವಿಮಾನ ನಿಲ್ದಾಣ

ಅವ್ವ ಚೀಲ ತುಂಬಿದ್ದಳು. ಒಣಗಿಸಿ ಗಟ್ಟಿ ಮಾಡಿದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಟ್ಟಿ ವಿಭೂತಿ. ಕಸ್ಟಮ್ಸಿನವನಿಗೆ ರೊಟ್ಟಿಯ ಬಗ್ಗೆ ಆಕ್ಷೇಪವಿರಲಿಲ್ಲ, ಅದನ್ನು ಅವನು ಯಾವುದೋ ಪಾತ್ರೆಯ ಮುಚ್ಚಳ ಎಂದುಕೊಂಡಿರಬೇಕು. ಚಟ್ನಿಯ ಡಬ್ಬಿ ತೆರೆದು ಮೂಸಿ ಸೀನಿದ. ಆಮೇಲೆ ವಿಭೂತಿ ಸಿಕ್ಕಿತು. ಬಿಳಿ ಗಟ್ಟಿ, ಉಜ್ಜಿದರೆ ಪುಡಿ. ಅವನ ಮುಖ ಬದಲಾಯಿತು. ಇದೇನು ಎಂದ. ಸಗಣಿಯ ಬೂದಿ ಎಂದಿದ್ದರೆ ಇನ್ನೊಂದು ಕೋಣೆಗೆ ಕರೆದೊಯ್ಯುತ್ತಿದ್ದ. ನಾನು ಮಾತಾಡದೆ ಮೂರು ಬೆರಳಿಗೆ ಉಜ್ಜಿಕೊಂಡು ಹಣೆಗೆ ಅಡ್ಡ ಎಳೆದು ತೋರಿಸಿದೆ. ಅವನು ನೋಡಿ, ಚೆನ್ನಾಗಿದೆ, ಹೋಗಿ ಎಂದ. ಹೀಗೆ ನಾನು ರಾಣಿಯ ದೇಶಕ್ಕೆ, ಅಲ್ಲ, ಈಗ ರಾಜನ ದೇಶಕ್ಕೆ ಹಣೆಯಲ್ಲಿ ವಿಭೂತಿ ಹಚ್ಚಿಕೊಂಡು ಕಾಲಿಟ್ಟೆ.

ಊರಿನ ತುಂಬ ಕೆಂಪು ಇಟ್ಟಿಗೆಯ ಗಿರಣಿಗಳಿವೆ. ಒಂದರಲ್ಲೂ ಮಗ್ಗವಿಲ್ಲ. ಎಲ್ಲವೂ ಮನೆಗಳಾಗಿವೆ, ಕಾಫಿ ಅಂಗಡಿಗಳಾಗಿವೆ. ಎದುರು ಮನೆಯ ಅಜ್ಜನಿಗೆ ಏನು ಹೇಳಲಿ? ಬಿರುದಿಗೆ ಹೆಸರು ಕೊಟ್ಟ ಊರಿನಲ್ಲೇ ಮಗ್ಗ ಸತ್ತಿದೆ, ಬಿರುದು ಪಡೆದ ನಾವಿನ್ನೂ ಬೆರಳು ಕೊಡುತ್ತಿದ್ದೇವೆ.

ಆಸ್ಪತ್ರೆ, ಮೊದಲ ವಾರ

ಮೊದಲ ದಿನವೇ ಎಡವಿದೆ. ಕೈ ವಿಭಾಗದ ಹಿರಿಯ ಶಸ್ತ್ರವೈದ್ಯೆಯನ್ನು ಗೌರವದಿಂದ ಡಾಕ್ಟರ್ ಥಾರ್ನ್ ಎಂದೆ. ಪಕ್ಕದವರು ಕೆಮ್ಮಿದರು. ಆ ದೇಶದಲ್ಲಿ ಶಸ್ತ್ರವೈದ್ಯರು ಡಾಕ್ಟರ್ ಅನ್ನಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಓದಿ ಡಾಕ್ಟರಾಗಿ, ಇನ್ನಷ್ಟು ವರ್ಷ ಕತ್ತಿ ಹಿಡಿಯಲು ಕಲಿತ ಮೇಲೆ ಮತ್ತೆ ಮಿಸ್ಟರ್, ಮಿಸ್ ಆಗುತ್ತಾರೆ. ಮದುವೆಯಾಗಿ ಮೊಮ್ಮಗನಿದ್ದರೂ ಆಕೆ ಮಿಸ್ ಥಾರ್ನ್. ನಮ್ಮಲ್ಲಿ ಬೋರ್ಡಿನ ಮೇಲೆ ಹೆಸರಿಗಿಂತ ಪದವಿಯ ಬಾಲವೇ ಉದ್ದ. ಇವರು ಬಾಲ ಕತ್ತರಿಸಿಕೊಂಡು ಅದೇ ದೊಡ್ಡಸ್ತಿಕೆ ಎನ್ನುತ್ತಾರೆ.

ಅಲ್ಲಿ ಒಂದೊಂದು ಕೀಲಿಗೆ ಒಬ್ಬೊಬ್ಬ ವೈದ್ಯ. ಭುಜದವರು ಬೇರೆ, ಬೆನ್ನಿನವರು ಬೇರೆ, ಮಕ್ಕಳ ಎಲುಬಿನವರು ಬೇರೆ, ಎಲುಬಿನ ಗಡ್ಡೆ ತೆಗೆಯುವವರು ಬೇರೆ. ಪಾದದ ವೈದ್ಯರೊಬ್ಬರಿಗೆ ಅವರದೇ ರೋಗಿಯ ಮೊಣಕಾಲು ತೋರಿಸಿದರೆ, ಅದು ನನ್ನ ಹೊಲವಲ್ಲ ಎಂಬಂತೆ ಎರಡೂ ಕೈ ಎತ್ತಿದರು. ನಾನೋ, ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಯಿಂದ ಬಿದ್ದವರಿಂದ ಹಿಡಿದು ಶಿರೋಳಿಯ ಫೌಂಡ್ರಿಯಲ್ಲಿ ಪಾದ ಜಜ್ಜಿಸಿಕೊಂಡವರ ತನಕ, ಕುತ್ತಿಗೆಯಿಂದ ಕಿರುಬೆರಳಿನ ತನಕ ಎಲ್ಲ ನೋಡುವವಳು. ಕಲಿಯುವ ಡಾಕ್ಟರುಗಳು ಪ್ಲಾಸ್ಟಿಕ್ ಎಲುಬಿಗೆ ರಂಧ್ರ ಕೊರೆದು ಅಭ್ಯಾಸ ಮಾಡುತ್ತಿದ್ದರು. ನೀವು ಯಾವುದರ ಮೇಲೆ ಕಲಿತಿರಿ ಎಂದು ಕೇಳಿದರು. ಮನುಷ್ಯರ ಮೇಲೆ ಎಂದೆ. ಅವರು ನಗಲಿಲ್ಲ, ನನಗೂ ಆಮೇಲೆ ನಗು ಬರಲಿಲ್ಲ. ನಾನು ಮಾಡಿದಷ್ಟು ಶಸ್ತ್ರಚಿಕಿತ್ಸೆ ಅವರಲ್ಲಿ ಯಾರೂ ಮಾಡಿರಲಿಲ್ಲ, ಅವರಿಗೆ ಸಿಕ್ಕಷ್ಟು ಪಾಠ ನನಗೆ ಸಿಕ್ಕಿರಲಿಲ್ಲ. ಎರಡೂ ನಿಜ, ಎರಡಕ್ಕೂ ನನಗೆ ಸಿಟ್ಟು ಬಂತು.

ಮೊಣಕಾಲು ವಿಭಾಗದಲ್ಲಿ ಬೆಳಗಿನಿಂದ ಸಂಜೆಯ ತನಕ ನಿಂತು ನೋಡುತ್ತಿದ್ದೆ. ಚೊಕ್ಕ ಕೆಲಸ. ಬಿಡುವು ಸಿಕ್ಕಿದರೆ ಮಾತ್ರ ನನ್ನ ಕಾಲು ಕೈ ವಿಭಾಗದ ಕಡೆ ನಡೆಯುತ್ತಿತ್ತು.

ಶುಕ್ರವಾರದ ಸಭೆ

ಕೈ ವಿಭಾಗದಲ್ಲಿ ಶುಕ್ರವಾರ ಬೆಳಿಗ್ಗೆ ಕಷ್ಟದ ರೋಗಿಗಳ ಬಗ್ಗೆ ಚರ್ಚೆ. ಅಲ್ಲಿನ ಪದ್ಧತಿ ಹೀಗೆ: ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಹಿರಿಯರು ಕೊನೆಗೆ. ದೊಡ್ಡವರು ಮೊದಲೇ ಬಾಯಿ ತೆರೆದರೆ ಚಿಕ್ಕವರ ಬಾಯಿ ಮುಚ್ಚುತ್ತದೆ ಎಂದು ಈ ಏರ್ಪಾಟು. ನಮ್ಮಲ್ಲಿ ಸರ್ ಮೊದಲು ಹೇಳುತ್ತಾರೆ, ಉಳಿದವರು ಕೋಲೆ ಬಸವನ ಹಾಗೆ ತಲೆಯಾಡಿಸುತ್ತೇವೆ. ಹೊಸಬಳಾದ್ದರಿಂದ ಮೊದಲ ಸರದಿ ನನ್ನದು. ಒಂದು ಎಕ್ಸ್‌ರೇ ತೋರಿಸಿ ಏನು ಮಾಡುತ್ತೀರಿ ಎಂದರು. ನಾನು ಎದ್ದು ನಿಂತು, ಹಿರಿಯರು ಹೇಗೆ ಹೇಳುತ್ತಾರೋ ಹಾಗೆ ಎಂದೆ. ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ, ಯಾರೂ ಹೀಗೆ ಹೇಳುವುದಿಲ್ಲ. ಮಿಸ್ ಥಾರ್ನ್ ಕನ್ನಡಕದ ಮೇಲಿನಿಂದ ನೋಡಿ, ಹಾಗಾದರೆ ನಿಮ್ಮನ್ನು ಕೇಳಿದ್ದು ಯಾಕೆ ಎಂದರು.

ಆ ದಿನ ಮಧ್ಯಾಹ್ನ ಪಿಟೀಲು ನುಡಿಸುವವನೊಬ್ಬ ಬಂದ. ಅವನ ಎಡಗೈ ಬೆರಳಿನ ಗಂಟು ಸವೆದಿತ್ತು, ಅದನ್ನು ಬೆಸೆಯಬೇಕಿತ್ತು. ಒಮ್ಮೆ ಬೆಸೆದರೆ ಮುಗಿಯಿತು, ಬೆರಳು ಸಾಯುವತನಕ ಅದೇ ಬಾಗಿನಲ್ಲಿರುತ್ತದೆ. ಹಾಗಾಗಿ ಅವರು ಬಿಸಿನೀರಿನಲ್ಲಿ ಮೆತ್ತಗಾಗುವ ಒಂದು ಬಗೆಯ ಪ್ಲಾಸ್ಟಿಕ್ ಹಾಳೆಯಿಂದ ಬೇರೆ ಬೇರೆ ಬಾಗಿನ ಕವಚಗಳನ್ನು ಮಾಡಿ ಅವನ ಬೆರಳಿಗೆ ತೊಡಿಸಿದರು. ಅವನು ಒಂದೊಂದನ್ನೂ ತೊಟ್ಟು ಆಸ್ಪತ್ರೆಯಲ್ಲೇ ಪಿಟೀಲು ನುಡಿಸಿದ. ಇದು ಬೇಡ, ಇದು ಸ್ವಲ್ಪ ಹೆಚ್ಚು, ಇದು ಸರಿ. ಸರಿ ಎಂದಿದ್ದನ್ನು ಮನೆಗೆ ತೊಟ್ಟುಕೊಂಡು ಹೋಗಿ ಬಳಸಿ ನೋಡಿ ಬನ್ನಿ ಎಂದು ಕಳಿಸಿದರು.

ನನಗೆ ಕಣ್ಣು ತುಂಬಿ ಬಂತು. ವೈದ್ಯಕೀಯ ಎಂದರೆ ಇದು ಎನ್ನಿಸಿತು. ಬಸ್ಸಿಗೆ ಕಾಯುವಾಗ ಅದೇ ನೆನಪಾಗಿ ಮೈ ಉರಿಯಿತು. ಪಿಟೀಲಿನವನಿಗೆ ಬಾಗು ಹುಡುಕುವ ಸಂಭ್ರಮ, ಮಲ್ಲವ್ವನಿಗೆ ಬುಡಸಮೇತ ಕತ್ತರಿ. ಐದು ಬೆರಳೂ ಸಮ ಇರುವುದಿಲ್ಲ ಎನ್ನುತ್ತಾರೆ. ಬೆರಳಿನೊಡೆಯರೂ ಸಮ ಇಲ್ಲ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಗಿರಣಿ

ನಾನಿದ್ದ ಮನೆಯೊಡತಿಯ ಹೆಸರು ಜೋನ್. ಅವಳ ತಾಯಿ ಹತ್ತಿ ಗಿರಣಿಯಲ್ಲಿದ್ದವಳು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದೆ ಗಿರಣಿಯ ಹೆಂಗಸರು ದನಿಯಿಲ್ಲದೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದರಂತೆ. ಜೋನ್ ಅದನ್ನು ಮಾಡಿ ತೋರಿಸಿದಳು. ಬಾಯಿ ದೊಡ್ಡದಾಗಿ ತೆರೆದು, ಹುಬ್ಬು ಕುಣಿಸಿ. ನಾನು ಹಾಗೇ ತಿರುಗಿ ಉತ್ತರ ಕೊಟ್ಟೆ. ನಮ್ಮ ಅವ್ವ ಅಪ್ಪ ಮಗ್ಗದ ಶೆಡ್ಡಿನೊಳಗೆ ಜಗಳವಾಡಿದ್ದೂ ಹೀಗೆಯೇ. ಹೊರಗೆ ಬಂದ ಮೇಲೆ ಇಬ್ಬರೂ ಗಂಟಲು ಹರಿಯುವಂತೆ ಕೂಗುತ್ತಿದ್ದರು, ಕಿವಿ ಮಂದವಾಗಿತ್ತಲ್ಲ. ಅವಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ತಾಯಿಗೂ ಹಾಗೆಯೇ ಕಿವಿ ಹೋಗಿತ್ತಂತೆ.

ಭಾನುವಾರ ಅವಳೇ ನನ್ನನ್ನು ಊರಾಚೆಯ ಒಂದು ಹಳೆಯ ಗಿರಣಿಗೆ ಕರೆದೊಯ್ದಳು. ಈಗ ಅದು ವಸ್ತುಸಂಗ್ರಹಾಲಯ. ನೋಡುವವರಿಗಾಗಿ ಒಂದು ಮಗ್ಗ ಚಾಲೂ ಮಾಡಿದರು. ಖಟಕ್ ಖಟಕ್ ಎಂದಾಗ ಮಕ್ಕಳು ಕಿವಿ ಮುಚ್ಚಿಕೊಂಡರು. ನನಗೆ ಊರಿಗೆ ಹೋದಷ್ಟು ಖುಷಿಯಾಗಿ ಹತ್ತಿರ ಸರಿದೆ. ಅಲ್ಲಿನ ಮಾರ್ಗದರ್ಶಿ ಓಡಿಬಂದು ನಯವಾಗಿ ಹಿಂದೆ ತಳ್ಳಿದ. ಮಗ್ಗದ ಸುತ್ತ ದಪ್ಪ ಕೆಂಪು ಹಗ್ಗ ಕಟ್ಟಿದ್ದರು. ಯಂತ್ರ ಅಪಾಯಕಾರಿ ಎಂದು ಬರೆದಿತ್ತು. ಭಾನುವಾರ ಬರುವ ಪ್ರವಾಸಿಯ ಬೆರಳಿಗೆ ಇಷ್ಟು ಜೋಪಾನ. ಆ ಹಗ್ಗ ನಮ್ಮೂರಿನ ಯಾವ ಶೆಡ್ಡಿಗೂ ಬಂದಿಲ್ಲ.

ಇನ್ನೊಂದು ಶುಕ್ರವಾರ

ಮುಂದಿನ ಸಭೆಗೆ ಮಲ್ಲವ್ವನ ಎಕ್ಸ್‌ರೇ ಹಾಕಿದೆ. ನನ್ನ ಸರದಿಯೇ ಮೊದಲು. ಈ ಸಲ ಕೂತೇ ಹೇಳಿದೆ: ಬೆರಳು ಉಳಿಸಬೇಕು, ಗಂಟು ಬೆಸೆಯಬೇಕು.

ಉಳಿದವರು ಒಬ್ಬೊಬ್ಬರಾಗಿ ತೆಗೆಯುವುದೇ ವಾಸಿ ಎಂದರು. ಕಾರಣಗಳು ಕೆಟ್ಟವಲ್ಲ. ಗಟ್ಟಿಯಾದ ತೋರುಬೆರಳು ಅಡ್ಡ ಬರುತ್ತದೆ, ನಡುಬೆರಳು ಅದರ ಕೆಲಸ ಕಲಿಯುತ್ತದೆ, ಬೇಗ ದುಡಿಮೆಗೆ ಮರಳಬಹುದು. ಆಮೇಲೆ ಒಬ್ಬ ಬಹಳ ಸಭ್ಯವಾಗಿ, ನಿಮ್ಮಲ್ಲಿನ ಪರಿಸ್ಥಿತಿ ನೋಡಿದರೆ ಎಂದ. ಕೊನೆಗೆ ಮಿಸ್ ಥಾರ್ನ್ ಕೂಡ, ತೆಗೆಯುವುದು ತಪ್ಪು ನಿರ್ಧಾರವೇನಲ್ಲ ಎಂದರು. ಹಿರಿಯರು ಮಾತಾಡಿದ ಮೇಲೆ ಚರ್ಚೆ ಮುಗಿಯಿತು ಎಂದು ಅಲ್ಲಿನ ಲೆಕ್ಕ. ಎಲ್ಲರೂ ಮುಂದಿನ ಎಕ್ಸ್‌ರೇಗೆ ಹೊರಳಿದರು.

ನಾನು ಹೊರಳಲಿಲ್ಲ. "ಪಿಟೀಲಿನವರನ್ನು ಬಾಗು ಎಷ್ಟಿರಲಿ ಎಂದು ಕೇಳಿದಿರಿ," ಎಂದೆ. "ಇವಳನ್ನು ಬೆರಳು ಬೇಕೋ ಬೇಡವೋ ಎಂದೂ ಯಾರೂ ಕೇಳಲಿಲ್ಲ. ನಮ್ಮ ಪರಿಸ್ಥಿತಿಯಲ್ಲಿ ಬಿಸಿನೀರಿಗೇನೂ ಬರಗಾಲವಿಲ್ಲ."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾನೊಬ್ಬಳೇ ರೊಟ್ಟಿ ಚಟ್ನಿ ಬಿಚ್ಚಿಕೊಂಡು ಕೂತಿದ್ದೆ. ಮಿಸ್ ಥಾರ್ನ್ ತಟ್ಟೆ ಹಿಡಿದು ಬಂದು ಎದುರಿಗೆ ಕೂತರು. ಆ ಹೆಂಗಸು ಬೆರಳಿನಿಂದ ಏನು ಮಾಡುತ್ತಾಳೆ ಎಂದು ಕೇಳಿದರು. ಬೆರಳು ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆಯುವ ಅವರ ಪರೀಕ್ಷೆಯ ಪೆಟ್ಟಿಗೆಯಲ್ಲಿ ಕೀಲಿ, ಗುಂಡಿ, ಜಾಡಿಯ ಮುಚ್ಚಳ ಇರುತ್ತವೆ. ನಾನು ಮೊದಲಿಗೆ, ಹರಿದ ನೂಲಿಗೆ ಗಂಟು ಹಾಕುತ್ತಾಳೆ ಎಂದೆ. ಆಮೇಲೆ ಭಕ್ಕರಿ. ಮೆತ್ತನೆಯ ಜೋಳದ ಭಕ್ಕರಿಯನ್ನು ನಾವು ಒಂದೇ ಕೈಯಲ್ಲಿ ಮುರಿಯುತ್ತೇವೆ, ಉಣ್ಣುವಾಗ ಎಡಗೈ ತಟ್ಟೆಗೆ ಬರುವುದಿಲ್ಲ ಎಂದು ವಿವರಿಸಿದೆ. ಕ್ಯಾಂಟೀನಿನ ನಾನ್ ರೊಟ್ಟಿಯೊಂದನ್ನು ತಂದು ಅವರ ಮುಂದಿಟ್ಟೆ. ತೋರುಬೆರಳು ಮಡಚಿಕೊಂಡು, ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಮುರಿಯಿರಿ ಎಂದೆ. ದೊಡ್ಡ ಶಸ್ತ್ರವೈದ್ಯೆಯ ಕೈ ಆ ರೊಟ್ಟಿಯ ಹಿಂದೆ ಮೇಜಿನ ತುಂಬ ಓಡಾಡಿತು. ಅದು ಜಾರಿ ಅವರ ಸೂಪಿನೊಳಗೆ ಬಿತ್ತು.

ನಾನು ಗೆದ್ದೆ ಎಂದುಕೊಂಡೆ. ಅವರು ಕೈ ಒರೆಸಿಕೊಳ್ಳುತ್ತ, ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ರೋಗಿ ನಿನ್ನವಳು ಎಂದರು. ಹೊರಡುವ ದಿನ ಆ ಪ್ಲಾಸ್ಟಿಕ್ ಹಾಳೆಗಳ ಒಂದು ಕಟ್ಟು ನನ್ನ ಮೇಜಿನ ಮೇಲಿತ್ತು.

ಕೊಲ್ಹಾಪುರ

ಶನಿವಾರದ ಸಭೆಯಲ್ಲಿ ಸರ್ ಮೊಣಕಾಲಿನ ಬಗ್ಗೆ ಕೇಳಿದರು. ಕಲಿತದ್ದನ್ನೆಲ್ಲ ಹೇಳಿದೆ. ಆಮೇಲೆ ಸೋಮವಾರದ ಶಸ್ತ್ರಚಿಕಿತ್ಸೆಗಳ ಪಟ್ಟಿ ಓದಿದಾಗ ಅದರಲ್ಲಿ ಮಲ್ಲವ್ವನ ಬೆರಳು ತೆಗೆಯುವುದೂ ಇತ್ತು. ಸರ್ ಬಾಯಿ ತೆರೆಯುವ ಮುನ್ನವೇ ನಾನು ತೆರೆದೆ. ತೆಗೆಯುವುದಿಲ್ಲ, ಬೆಸೆಯುತ್ತೇನೆ, ಬಾಗು ಎಷ್ಟೆಂದು ಅವಳು ಹೇಳುತ್ತಾಳೆ ಎಂದೆ. ಕೋಲೆ ಬಸವಗಳ ತಲೆ ಯಾವ ಕಡೆ ಆಡಬೇಕೆಂದು ತಿಳಿಯದೆ ನಿಂತವು.

"ಗುಡಘೇ ಶಿಕಾಯಲಾ ಪಾಠವಲಂ ತುಲಾ, ಬೋಟ ಘೇಊನ ಆಲೀಸ," ಎಂದರು ಸರ್ ಮರಾಠಿಯಲ್ಲಿ. ಮೊಣಕಾಲು ಕಲಿಯಲು ಕಳಿಸಿದರೆ ಬೆರಳು ಹಿಡಿದುಕೊಂಡು ಬಂದಿದ್ದೀ ಎಂದು.

ಹೌದು ಎಂದೆ. ಹಾಗಾದರೆ ಮೊಣಕಾಲಿನ ಘಟಕ ಬೇರೆಯವರಿಗೆ ಹೋಗುತ್ತದೆ, ಆಮೇಲೆ ಅಳಬೇಡ ಎಂದರು. ಹೋಗಲಿ, ಮೊಣಕಾಲು ನೋಡಲು ಊರಿಗೆ ಹತ್ತು ಜನ ಸಿಗುತ್ತಾರೆ, ನನಗೆ ಕೈ ಕೊಡಿ ಎಂದೆ. ಸರ್ ಕೆಟ್ಟವರಲ್ಲ. ಒಂದು ವಾರ ಕೊಡುತ್ತೇನೆ, ಏನು ಆಟವಾಡುತ್ತೀಯೋ ಆಡು ಎಂದರು.

ಮತ್ತೆ ಇಚಲಕರಂಜಿ

ಮಲ್ಲವ್ವನ ಚಹಾದ ಪಾತ್ರೆಯಲ್ಲೇ ನೀರು ಕಾಯಿಸಿ ಕವಚಗಳನ್ನು ಮಾಡಿದೆ. ಒಂದು ತೀರ ನೆಟ್ಟಗೆ, ಒಂದು ಪುಸ್ತಕ ಹೇಳುವಷ್ಟು ಬಾಗಿದ್ದು, ಒಂದು ನಡುವಿನದು. ಪುಸ್ತಕದ್ದು ತೊಡಿಸಿದೆ. ನೂಲಿಗೆ ಗಂಟು ಬಿತ್ತು, ಭಕ್ಕರಿ ಮುರಿಯಿತು. ನನಗೆ ಎದೆ ಉಬ್ಬಿತು. ಮಿಸ್ ಥಾರ್ನ್ ಇಲ್ಲಿರಬೇಕಿತ್ತು ಎಂದುಕೊಂಡೆ.

ಮಲ್ಲವ್ವ ಮುಖ ಸಿಂಡರಿಸಿದಳು. ಎದ್ದು ದೇವರ ಗೂಡಿನ ಹತ್ತಿರ ಹೋದಳು. ವಿಭೂತಿ ಗಟ್ಟಿ ತೆಗೆದು ಮೂರು ಬೆರಳಿಗೆ ಉಜ್ಜಿಕೊಂಡು ಹಣೆಗೆ ಎಳೆದಳು. ಬಾಗಿದ ತೋರುಬೆರಳಿನ ತುದಿ ಹಣೆಗೆ ತಾಗಲೇ ಇಲ್ಲ. ಎರಡೇ ಗೆರೆ.

"ಇದು ಬ್ಯಾಡ," ಎಂದಳು.

ಭಕ್ಕರಿ ಮುರಿಯಲು ಇದೇ ಸರಿ ಎಂದು ನಾನು ವಾದಿಸಿದೆ. ಎರಡು ದೇಶಗಳಲ್ಲಿ ಭಕ್ಕರಿಗಾಗಿ ಜಗಳವಾಡಿ ಬಂದವಳು ಸುಲಭಕ್ಕೆ ಬಿಡುತ್ತೇನೆಯೇ?

"ಭಕ್ಕರಿ ಹಾಲಿನ್ಯಾಗ ನೆನಿಸಿ ತಿಂತೇನ್ರಿ. ಗಂಟು ಹಾಕಾಕ ಎಡಗೈ ಕಲಿಸ್ತೇನಿ," ಎಂದಳು ಮಲ್ಲವ್ವ. "ವಿಭೂತಿ ಎಡಗೈಲೆ ಹಚ್ಚಾಕ ಬರ್ತೈತೇನ್ರಿ? ಬೆರಳ ತಗೀಬ್ಯಾಡ್ರಿ ಅಂತ ಯಾಕ ಬಡಕೊಂಡೆ ಅಂತ ತಿಳದೀರಿ?"

ನನ್ನ ಹಣೆಯ ಮೇಲೂ ಬೆಳಿಗ್ಗೆ ಅವ್ವ ಹಚ್ಚಿದ ಮೂರು ಗೆರೆಗಳಿದ್ದವು. ವಿಮಾನ ನಿಲ್ದಾಣದಲ್ಲಿ ಪರದೇಶದವನೊಬ್ಬನಿಗೆ ನಾನೇ ಮೂರು ಬೆರಳಲ್ಲಿ ಎಳೆದು ತೋರಿಸಿದ್ದೆ. ಪರೀಕ್ಷೆಯ ಪೆಟ್ಟಿಗೆಗೆ ಕೀಲಿಯ ಬದಲು ಭಕ್ಕರಿ ಹಾಕಿದ್ದೆ, ಅಷ್ಟೇ. ಪೆಟ್ಟಿಗೆ ಮಾತ್ರ ನನ್ನದೇ ಆಗಿತ್ತು, ಅದರಲ್ಲಿ ಏನಿಡಲಿ ಎಂದು ಅವಳನ್ನು ಕೇಳಿರಲಿಲ್ಲ.

ಅವಳು ನಡುವಿನದನ್ನು ತೊಟ್ಟು ನೋಡಿದಳು, ಅದನ್ನೂ ಇನ್ನಷ್ಟು ನೆಟ್ಟಗೆ ಮಾಡಿಸಿದಳು. ಮತ್ತೆ ನೀರು ಕಾಯಿಸಿದೆ. ಮತ್ತೆ ಎಳೆದಳು. ವಾರದ ತುಂಬ ತೊಟ್ಟುಕೊಂಡೇ ಓಡಾಡಿದಳು. ಪುಸ್ತಕ ಒಪ್ಪದ, ನಾನು ಒಪ್ಪದ, ಅವಳೊಬ್ಬಳೇ ಒಪ್ಪಿದ ಒಂದು ಬಾಗಿನಲ್ಲಿ ಆ ಗಂಟನ್ನು ಬೆಸೆದೆ.

ಹೊರರೋಗಿ ವಿಭಾಗ

ಎಲುಬು ಕೂಡಿದ ಮೇಲೆ ಮಲ್ಲವ್ವ ಕೊಲ್ಹಾಪುರಕ್ಕೆ ತೋರಿಸಲು ಬಂದಳು. ಸರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಎಲುಬು ಚೆನ್ನಾಗಿ ಕೂಡಿದೆ, ಬಾಗು ಮಾತ್ರ ಕಡಿಮೆಯಾಗಿದೆ, ಇಷ್ಟು ನೆಟ್ಟಗೆ ಯಾರೂ ಬೆಸೆಯುವುದಿಲ್ಲ ಎಂದರು. ಸುತ್ತ ನಿಂತವರು ತಲೆಯಾಡಿಸಿದರು. ನಾನು ಬಾಯಿ ತೆರೆಯುವುದರಲ್ಲಿದ್ದೆ.

ಮಲ್ಲವ್ವ ತಡೆದಳು. ಸೊಂಟಕ್ಕೆ ಸಿಗಿಸಿದ ಚೀಲದಿಂದ ವಿಭೂತಿಯ ತುಂಡು ತೆಗೆದು, ಅಷ್ಟೂ ಡಾಕ್ಟರುಗಳ ಮುಂದೆ ಹಣೆಗೆ ಎಳೆದುಕೊಂಡಳು. ಮೂರು ಗೆರೆ ಬಿತ್ತು. ಮೇಲಿನದು ಕೊಂಚ ಸೊಟ್ಟ.

ಸೊಟ್ಟಾಯಿತಲ್ಲ ಎಂದರು ಸರ್, ಮರಾಠಿಯಲ್ಲಿ.

"ಆಗ್ಲಿ ಬಿಡ್ರಿ," ಎಂದಳು ಮಲ್ಲವ್ವ. "ಹಣಿ ನಂದು."